ರೋಲಿನ ಆಚೆ ಬದಿಯವನು

ಆಗಸ್ಟ್ 18, 2025, ಸೋಮವಾರ

ಕಂಬಿ ಫ್ಯಾಕ್ಟರಿಯ ಹಳೆಯ ಸಾಹುಕಾರರ ಮೊಮ್ಮಗಳು ತನುಜ ಇವತ್ತು ಮನೆಗೆ ಬಂದಿದ್ದಳು. ಮೂರು ಸಲ ಬೆಲ್ ಒತ್ತಿದಳಂತೆ, ನಾನು ಬಾಗಿಲು ತೆಗೆಯಲಿಲ್ಲವಂತೆ. ಬೆಲ್ ಕೆಟ್ಟಿರಬೇಕು. ನನ್ನ ಹೆಂಡತಿ ಆಂಜಿನಮ್ಮ ಹಿತ್ತಲಿನಿಂದ ಓಡಿ ಬಂದು ಬಾಗಿಲು ತೆಗೆದು, ಬಂದವಳ ಎದುರಿಗೇ ನನ್ನ ಮಾನ ಹರಾಜು ಹಾಕಿದಳು.

“ಬಾಗ್ಲ ಪಕ್ಕದಲ್ಲೇ ಕೂತಿದ್ದಾರೆ ನೋಡಮ್ಮ. ಮನೆ ಬಿದ್ರೂ ಗೊತ್ತಾಗಲ್ಲ ನಮ್ಮ ಯಜಮಾನ್ರಿಗೆ.”

ನಾನು ಪೇಪರ್ ಓದುತ್ತಿದ್ದೆ. ಓದುವ ಮನುಷ್ಯನಿಗೆ ಗಮನ ಬೇಡವೇ?

ವಿಷಯ ಇಷ್ಟು. ಎಂಟು ವರ್ಷದಿಂದ ಬೀಗ ಬಿದ್ದಿರುವ ಫ್ಯಾಕ್ಟರಿಯ ಜಾಗ ಮಾರಾಟವಾಗಿದೆ. ದಸರಾ ಮುಗಿದ ಮೇಲೆ ಶೆಡ್ಡು, ಫರ್ನೇಸು, ರೋಲುಗಳು ಎಲ್ಲವನ್ನೂ ಕತ್ತರಿಸಿ ಗುಜರಿಗೆ ಹಾಕುತ್ತಾರೆ. ಅಷ್ಟರೊಳಗೆ ಫ್ಯಾಕ್ಟರಿಯ ಚರಿತ್ರೆ ಒಂದು ಸಣ್ಣ ಪುಸ್ತಕವಾಗಬೇಕೆಂದು ಈ ಹುಡುಗಿಯ ಆಸೆ.

“ಅಂಕಲ್, ನೀವು ಫಸ್ಟ್ ಬ್ಯಾಚು. ಏಯ್ಟಿಫೋರಿಂದ ಕ್ಲೋಸ್ ಆಗೋವರ್ಗೂ ಇದ್ದೋರಲ್ಲಿ ನನಗೆ ಸಿಕ್ಕಿರೋದು ನೀವೊಬ್ರೇ. ನೆನಪಿರೋದೆಲ್ಲ ಬರ್ಕೊಡಿ” ಎಂದು ದಪ್ಪನೆಯ ನೋಟ್‌ಬುಕ್ ಕೊಟ್ಟಳು. ಹೀಗೆಂದಳು ಅಂತ ಆಂಜಿನಮ್ಮ ಆಮೇಲೆ ಹೇಳಿದ್ದು. ಈಗಿನ ಹುಡುಗರು ಬಾಯೊಳಗೇ ಮಾತಾಡುತ್ತಾರೆ, ಅರ್ಧವನ್ನು ನಾವೇ ಊಹಿಸಿಕೊಳ್ಳಬೇಕು.

ನನ್ನದು ಎಸ್ಸೆಸ್ಸೆಲ್ಸಿ. ಕನ್ನಡದಲ್ಲಿ ಎಪ್ಪತ್ತೆರಡು ಬಂದಿತ್ತು. ಮೇಷ್ಟ್ರಾಗಬೇಕಾಗಿದ್ದ ವೆಂಕಟರವಣಪ್ಪ ಕಂಬಿ ಎಳೆಯಲು ಹೋದ. ನೋಟ್‌ಬುಕ್ಕಿನ ಮುಂದಿನಿಂದ ಚರಿತ್ರೆ ಬರೆಯುತ್ತೇನೆ. ಹಿಂದಿನಿಂದ ಇದು, ನನಗೆ ಮಾತ್ರ. ಕೊಡುವಾಗ ಈ ಹಾಳೆಗಳನ್ನು ಹರಿದುಕೊಂಡರಾಯಿತು.

ಆಗಸ್ಟ್ 21, ಗುರುವಾರ

ಚರಿತ್ರೆ ಭರ್ಜರಿಯಾಗಿ ಸಾಗಿದೆ. ಮೂರು ದಿನಕ್ಕೆ ಹತ್ತು ಪುಟ.

ಆಗ ಕುಡುಮಲಕುಂಟೆಯ ಕಡೆ ಈಗಿನ ಹಾಗೆ ಫ್ಯಾಕ್ಟರಿಗಳ ಸಾಲು ಇರಲಿಲ್ಲ. ಜಾಲಿ ಗಿಡ, ಕಡ್ಲೆಕಾಯಿ ಹೊಲ, ಮಧ್ಯದಲ್ಲಿ ನಮ್ಮ ಚಿಮಣಿ. ಲಾರಿಯಲ್ಲಿ ಹಳೆಯ ರೈಲು ಹಳಿಗಳು ಬರುತ್ತಿದ್ದವು. ಅವನ್ನು ತುಂಡು ಮಾಡಿ, ಕಾಯಿಸಿ, ರೋಲಿನಲ್ಲಿ ಹಿಂಡಿ ಮನೆ ಕಟ್ಟುವ ಕಂಬಿ ಮಾಡುತ್ತಿದ್ದೆವು. ಆ ಕಾಲದಲ್ಲಿ ಗೌರಿಬಿದನೂರಿನಲ್ಲಿ ಮೋಲ್ಡಿಂಗ್ ಹಾಕಿದ ಬಹಳಷ್ಟು ಮನೆಗಳ ಒಳಗೆ ನಮ್ಮ ಕಂಬಿಯೇ ಇದೆ. ಮನೆಯವರಿಗೆ ಅದು ಗೊತ್ತಿಲ್ಲ. ನನಗೆ ಗೊತ್ತು. ಕೆಲವು ಮನೆಗಳ ಮುಂದೆ ಹೋಗುವಾಗ ಈಗಲೂ ಒಂದು ಸಲ ಮೇಲೆ ನೋಡುತ್ತೇನೆ.

ರೋಲಿನ ಕೆಲಸ ಗೊತ್ತಿಲ್ಲದವರಿಗೆ ಹೀಗೆ ಬರೆದಿದ್ದೇನೆ. ಒಂದರ ಮೇಲೊಂದು ಮೂರು ಕಬ್ಬಿಣದ ಉರುಳೆ. ಈಚೆ ಬದಿಯಲ್ಲಿ ನಾನು. ಕೆಂಪಗೆ ಕಾದ ತುಂಡನ್ನು ಇಕ್ಕಳದಲ್ಲಿ ಹಿಡಿದು ಕೆಳಗಿನ ಸಂದಿಗೆ ತಳ್ಳುತ್ತೇನೆ. ಅದು ಹಿಂಡಿಸಿಕೊಂಡು, ಉದ್ದವಾಗಿ, ಆಚೆ ಬದಿಗೆ ಚಿಮ್ಮುತ್ತದೆ. ಆಚೆಯವನು ತನ್ನ ಇಕ್ಕಳದಲ್ಲಿ ಅದರ ಮೂತಿ ಹಿಡಿದು, ಎತ್ತಿ, ಮೇಲಿನ ಸಂದಿಯಿಂದ ನನಗೆ ವಾಪಸು ಕಳಿಸುತ್ತಾನೆ. ಮತ್ತೆ ನಾನು, ಮತ್ತೆ ಅವನು. ಹೀಗೆ ಸಣ್ಣಗಾಗುತ್ತಾ ಸಣ್ಣಗಾಗುತ್ತಾ ಕಂಬಿ. ಕಾಲಿಗೆ ಒದ್ದೆ ಗೋಣಿ ಸುತ್ತಿಕೊಂಡು, ಮರದ ಅಟ್ಟೆಯ ಚಪ್ಪಲಿ ಮೆಟ್ಟಿಕೊಂಡು, ಕಬ್ಬಿಣದ ಪ್ಲೇಟು ಹಾಸಿದ ನೆಲದ ಮೇಲೆ ಎಂಟು ಗಂಟೆ ನಿಲ್ಲಬೇಕು.

ಆ ಗದ್ದಲದಲ್ಲಿ ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಅದಕ್ಕೊಂದು ಪದ್ಧತಿ. ಹೊಸ ತುಂಡು ಬಂದಾಗ ಆಚೆಯವನು ಎರಡು ಹೆಜ್ಜೆ ಹಿಂದೆ ನಿಂತು, ಪಕ್ಕದ ಕಂಬಕ್ಕೆ ಇಕ್ಕಳದಿಂದ ಎರಡು ಸಲ ತಟ್ಟುತ್ತಾನೆ. ಟಣ್, ಟಣ್. ನಾನು ಸಿದ್ಧ ಎಂದು ಅರ್ಥ. ಆ ತಟ್ಟು ಕೇಳದೆ ಈಚೆಯವನು ತಳ್ಳುವ ಹಾಗಿಲ್ಲ.

ಆಚೆಯವನು ಯಾರು ಅಂತ ಬರೆದಿಲ್ಲ. ಚರಿತ್ರೆಗೆ ಅದರ ಅಗತ್ಯವಿಲ್ಲ.

ಆಗಸ್ಟ್ 29, ಶುಕ್ರವಾರ

ತನುಜ ಬಂದು ಬರೆದದ್ದನ್ನು ಓದಿದಳು. ಬಹಳ ಚೆನ್ನಾಗಿದೆ ಅಂದಳು. ಅಷ್ಟಕ್ಕೇ ನಿಲ್ಲಿಸಬೇಕಿತ್ತು.

“ಅಂಕಲ್, ಈ ಆಚೆಯವನು ಅಂದ್ರೆ ಯಾರು? ಒಂದೇ ಪೇಜಲ್ಲಿ ಎಂಟು ಸಲ ಬಂದಿದೆ.”

“ಬೇರೆಬೇರೆಯವರು ಇರ್ತಿದ್ರಮ್ಮ.”

ಕಾಫಿ ತಂದ ಆಂಜಿನಮ್ಮ ಲೋಟ ಕೆಳಗಿಡುವ ಮೊದಲೇ ಬಾಯಿ ಹಾಕಿದಳು. “ಬೇರೆಬೇರೆಯವರೇನು? ಇಪ್ಪತ್ತೈದು ವರ್ಷ ಕೊಂಡಪ್ಪಣ್ಣ ಒಬ್ನೇ ಅಲ್ವಾ ಇದ್ದಿದ್ದು!”

ಹುಡುಗಿ ಆ ಹೆಸರನ್ನು ಫೋನಿನಲ್ಲಿ ಬರೆದುಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೈದು ವರ್ಷ ಎದುರುಬದುರು ನಿಂತವನು ನನ್ನ ಮಗಳು ಪವಿತ್ರಳ ಮದುವೆಗೆ ಬರಲಿಲ್ಲ. ಲಗ್ನಪತ್ರಿಕೆ ಕಳಿಸಿದ್ದರೂ ಬರಲಿಲ್ಲ. ಅಲ್ಲಿಗೆ ಮುಗಿಯಿತು. ಅಂಥವನ ಹೆಸರು ನನ್ನ ಕೈಯಲ್ಲಿ ಯಾಕೆ ಬರೆಸಬೇಕು?

ಹೋಗುವಾಗ ಇನ್ನೊಂದು ಕೇಳಿದಳು. ಅಷ್ಟು ಸದ್ದಿನಲ್ಲಿ ಎರಡು ತಟ್ಟು ಹೇಗೆ ಕೇಳಿಸುತ್ತಿತ್ತು ಅಂತ.

“ನಂಗೆ ಕಿವೀನೇ ಬೇಕಾಗಿರಲಿಲ್ಲ ಕಣಮ್ಮ. ಕೊನೆಕೊನೆಗೆ ಅಂಗಾಲಿಗೇ ಗೊತ್ತಾಗ್ತಿತ್ತು, ಈಗ ತಳ್ಳು ಅಂತ. ಅನುಭವ ಅಂದ್ರೆ ಅದು.”

ಅವಳಿಗೆ ಈ ಮಾತು ಬಹಳ ಹಿಡಿಸಿತು. ಪುಸ್ತಕದ ಹಿಂದಿನ ರಟ್ಟಿಗೆ ಹಾಕುತ್ತಾಳಂತೆ.

ಸೆಪ್ಟೆಂಬರ್ 4, ಗುರುವಾರ

ಇವತ್ತು ಹುಚ್ಚೆಳ್ಳು ಚಟ್ನಿ ತಿನ್ನಬೇಕೆನಿಸಿತು. ಆಂಜಿನಮ್ಮ ಮಾಡಿದಳು. ಸರಿ ಬರಲಿಲ್ಲ. ಅವಳ ತಪ್ಪಲ್ಲ. ಆಚೆಯವನ ಹೆಂಡತಿ ಚಿಕ್ಕವೆಂಕಟಮ್ಮ ಗಂಡನಿಗೆ ಕಟ್ಟಿ ಕಳಿಸುತ್ತಿದ್ದ ರಾಗಿ ರೊಟ್ಟಿಯ ಮೇಲೆ ಸವರಿರುತ್ತಿತ್ತಲ್ಲ, ಅದರ ರುಚಿ. ಅವನು ರೊಟ್ಟಿ ಮುರಿದು ದೊಡ್ಡ ಭಾಗ ನನ್ನ ಕಡೆ ತಳ್ಳುತ್ತಿದ್ದ. ಸಣ್ಣದು ತೆಗೆದುಕೊಂಡರೆ ಬೈಯುತ್ತಿದ್ದ.

ಚರಿತ್ರೆ ಒಂದು ಸಾಲೂ ಮುಂದೆ ಹೋಗಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ತನುಜ ಕಾರಿನಲ್ಲಿ ಫ್ಯಾಕ್ಟರಿಗೆ ಕರೆದುಕೊಂಡು ಹೋದಳು. ಗೇಟಿನೊಳಗೆ ಲಂಟಾನ ಆಳೆತ್ತರ ಬೆಳೆದಿದೆ. ಶೆಡ್ಡಿನ ತಗಡು ಅಲ್ಲಲ್ಲಿ ಹಾರಿಹೋಗಿ ಬಿಸಿಲು ಒಳಗೆ ಬೀಳುತ್ತಿತ್ತು. ಫರ್ನೇಸಿನ ಬಾಯಲ್ಲಿ ನಾಯಿಯೊಂದು ಮರಿ ಹಾಕಿದೆ. ಎಂಥ ಜಾಗ ನೋಡಿಕೊಂಡಿದೆ! ಹತ್ತಡಿ ದೂರ ನಿಂತರೂ ಮುಖ ಸುಡುತ್ತಿದ್ದ ಬಾಯದು.

ರೋಲು ಹಾಗೆಯೇ ಇದೆ. ನೆಲದ ಪ್ಲೇಟುಗಳೂ ಇವೆ. ನಾನು ನನ್ನ ಜಾಗಕ್ಕೆ ಹೋಗಿ ನಿಂತೆ. ಬೇಕೆಂದು ಹೋಗಿದ್ದಲ್ಲ, ಕಾಲುಗಳೇ ಹೋದವು. ಬಗ್ಗಿ ಸಂದಿಯಲ್ಲಿ ನೋಡಿದೆ. ಇಪ್ಪತ್ತೈದು ವರ್ಷ ಆ ಸಂದಿಯಲ್ಲಿ ನನಗೆ ಕಾಣುತ್ತಿದ್ದದ್ದು ಒಂದು ಹಣೆ, ಅದಕ್ಕೆ ಕಟ್ಟಿದ ಕೆಂಪು ಟವೆಲ್ಲು, ಬೆಂಕಿಯ ಬೆಳಕಿಗೆ ಕಿರಿದಾದ ಎರಡು ಕಣ್ಣು. ಇವತ್ತು ಆಚೆಯ ಗೋಡೆ ಕಂಡಿತು.

ಅಲ್ಲಿ ನಿಂತಿರಲು ಆಗಲಿಲ್ಲ. ಆ ಟಣ್ ಟಣ್ ಒಂದು ಸಲ ಕೇಳಿದರೆ ಸಾಕು ಅನಿಸಿತು. ಬೇರೇನೂ ಬೇಡ, ಸೈರನ್ ಬೇಡ, ಕೆಲಸ ಬೇಡ, ಆ ವಯಸ್ಸೂ ಬೇಡ.

ತನುಜ ಹಿಂದಿನಿಂದ ಬಂದು ಭುಜ ಮುಟ್ಟಿದಳು. ಆಗಿನಿಂದ ಕರೆಯುತ್ತಿದ್ದಳಂತೆ. ಅಕ್ಟೋಬರ್ ಒಂದಕ್ಕೆ ಇಲ್ಲೇ ಕೊನೆಯ ಆಯುಧಪೂಜೆ ಮಾಡುತ್ತಾಳಂತೆ, ಹಳಬರನ್ನೆಲ್ಲ ಕರೆಯುತ್ತಾಳಂತೆ.

“ನೀವು ಆಯುಧಪೂಜೆ ಹೆಂಗೆ ಮಾಡ್ತಿದ್ರಿ ಅಂಕಲ್?”

ಹೇಳಿದೆ. ರೋಲಿನವರಲ್ಲಿ ಯಾರೂ ತಮ್ಮ ಇಕ್ಕಳಕ್ಕೆ ತಾವು ಪೂಜೆ ಮಾಡುವುದಿಲ್ಲ. ಹಬ್ಬದ ಹಿಂದಿನ ದಿನ ಎದುರಿನವನ ಇಕ್ಕಳವನ್ನು ಮನೆಗೆ ಒಯ್ದು, ಹುಣಸೆಹಣ್ಣಿನಲ್ಲಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಹಬ್ಬ ಮುಗಿಸಿ ವಾಪಸು ಕೊಡಬೇಕು. ನಮ್ಮ ಜೀವ ಇರುವುದು ನಮ್ಮ ಇಕ್ಕಳದಲ್ಲಲ್ಲ, ಎದುರಿನವನ ಇಕ್ಕಳದಲ್ಲಿ.

“ಹಾಗಾದ್ರೆ ಕೊಂಡಪ್ಪ ಅವರ್ದು ನೀವು ಮಾಡ್ತಿದ್ರಿ” ಅಂದಳು.

ಇದು ಮಾತ್ರ ಎಷ್ಟು ಸ್ಪಷ್ಟವಾಗಿ ಕೇಳಿಸಿತು.

ಸೆಪ್ಟೆಂಬರ್ 12, ಶುಕ್ರವಾರ

ಅಟ್ಟದಿಂದ ಕೊಂಡಪ್ಪನ ಇಕ್ಕಳ ಇಳಿಸಿದೆ. 2009ರ ಹಬ್ಬಕ್ಕೆ ತಂದದ್ದು, ವಾಪಸು ಕೊಡದೆ ಗೋಣಿಯಲ್ಲಿ ಸುತ್ತಿಟ್ಟಿದ್ದೆ. ಹದಿನಾರು ವರ್ಷವೂ ಆಯುಧಪೂಜೆಯ ದಿನ ಇಳಿಸಿ ಕುಂಕುಮ ಇಟ್ಟಿದ್ದೇನೆ. ಅಭ್ಯಾಸ, ಅಷ್ಟೆ. ಅವನದು ಎಡಗೈ ಹಿಡಿತ. ಎಡಗಡೆಯ ಹಿಡಿ ಸವೆದಿದೆ.

ಚರಿತ್ರೆಯಲ್ಲಿ 2009ಕ್ಕೆ ಬಂದು ನಿಂತಿದ್ದೇನೆ. ಆ ವರ್ಷದ ಅಪಘಾತ ಬರೆಯದೆ ದಾಟುವ ಹಾಗಿಲ್ಲ. ಆಯುಧಪೂಜೆಯ ಹಿಂದಿನ ದಿನ, ಎರಡನೆಯ ಶಿಫ್ಟು. ರಜಕ್ಕೆ ಮುಂಚೆ ಲಾರಿ ತುಂಬಿಸಬೇಕೆಂದು ಮೇಸ್ತ್ರಿ ಕೈ ಬೀಸಿ ಬೀಸಿ ಅವಸರ ಮಾಡುತ್ತಿದ್ದ. ನಾನು ತುಂಡು ತಳ್ಳಿದೆ. ಆಚೆ ಕೊಂಡಪ್ಪ ಹಿಡಿಯಲಿಲ್ಲ. ಕಂಬಿ ಅವನ ಬಲಗಾಲಿನ ಪಾದದ ಮೇಲೆ ಹರಿಯಿತು. ಅರ್ಧ ಪಾದ ಉಳಿಯಲಿಲ್ಲ.

ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಎರಡು ತಟ್ಟು ಕೇಳಿಸಿತೇ? ಕೇಳಿಸಿತು ಸಾರ್ ಅಂದೆ. ಆಸ್ಪತ್ರೆಯಲ್ಲಿ ಅವನನ್ನೂ ಕೇಳಿದರು, ತಟ್ಟಿದ್ದೆಯಾ ಅಂತ. ಅವನು ಮಂಚದ ಮೇಲಿಂದ ನನ್ನನ್ನೇ ನೋಡಿದ. ಏನೂ ಹೇಳಲಿಲ್ಲ. ಸಿದ್ಧನಾಗದೆ ಸೂಚನೆ ಕೊಟ್ಟ, ಕಾರ್ಮಿಕನ ಅಜಾಗರೂಕತೆ ಎಂದು ಬರೆದುಕೊಂಡು ಹೋದರು.

ಇಷ್ಟನ್ನು ಇಲ್ಲಿ ಬರೆಯಲು ಹತ್ತು ನಿಮಿಷ ಹಿಡಿಯಿತು. ಮುಂದಿನ ಬದಿಯ ಚರಿತ್ರೆಯಲ್ಲಿ ಬರೆಯಲು ಬೆಳಗಿನಿಂದ ಕೂತಿದ್ದೇನೆ, ಆಗುತ್ತಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಆಂಜಿನಮ್ಮನಿಗೆ ಬ್ಯಾಂಕಿಗೆ ಹೋಗುತ್ತೇನೆಂದು ಹೇಳಿ ವಿದುರಾಶ್ವತ್ಥದ ಬಸ್ಸು ಹತ್ತಿದೆ. ಅಲ್ಲಿ ಅವನು ಹಣ್ಣುಕಾಯಿ ಅಂಗಡಿ ಇಟ್ಟಿದ್ದಾನೆಂದು ಹಳಬರು ಹೇಳಿದ್ದರು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯೂ ಇಲ್ಲ. ಹದಿನಾರು ವರ್ಷದಲ್ಲಿ ಒಂದು ಸಲವೂ ಆ ಕಡೆ ಹೋಗಿರಲಿಲ್ಲ.

ರಸ್ತೆಯ ಈಚೆ ಬಸ್‌ಸ್ಟಾಪಿನಲ್ಲಿ ನಿಂತು ನೋಡಿದೆ. ಎತ್ತರದ ಸ್ಟೂಲಿನ ಮೇಲೆ ಕೂತಿದ್ದಾನೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ನಾಗರಕಲ್ಲಿಗೆ ಪೂಜೆ ಮಾಡಿಸಲು ಬಂದವರು ತೆಂಗಿನಕಾಯಿ ಕೇಳುತ್ತಿದ್ದರು. ಅವನು ಎಡಗೈಯಲ್ಲಿ ಕಾಯಿ ಎತ್ತಿ ಕೊಡುತ್ತಿದ್ದ. ಕೆಂಪು ಟವೆಲ್ಲು ಈಗ ಹೆಗಲ ಮೇಲಿದೆ. ಊರುಗೋಲು ಅಂಗಡಿಯ ಕಂಬಕ್ಕೆ ಒರಗಿಸಿತ್ತು.

ದಾಟಿದರೆ ಇಪ್ಪತ್ತು ಹೆಜ್ಜೆ. ಒಂದು ಗಂಟೆ ನಿಂತೆ. ಬಸ್ಸುಗಳು ಮಧ್ಯದಲ್ಲಿ ಹಾದುಹೋದಾಗಲೆಲ್ಲ, ಇನ್ನು ಇವನು ಕಾಣುವುದಿಲ್ಲವೇನೋ ಅನಿಸಿ ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಕೊನೆಗೆ ವಾಪಸು ಬರುವ ಬಸ್ಸು ಹತ್ತಿದೆ. ಅವನು ತಲೆ ಎತ್ತಿ ಬಸ್ಸಿನ ಕಡೆ ನೋಡಿದ ಹಾಗಾಯಿತು. ಇಲ್ಲ, ನನಗೆ ಹಾಗೆ ಬೇಕಾಗಿತ್ತು, ಅಷ್ಟೆ.

“ಬ್ಯಾಂಕಲ್ಲಿ ಏನಾಯ್ತು?” ಅಂದಳು ಆಂಜಿನಮ್ಮ.

“ರಶ್ಶು” ಅಂದೆ.

“ಬ್ಯಾಂಕಿನವರು ಈಚೀಚೆಗೆ ಕುಂಕುಮ ಹಚ್ತಾರಾ?”

ಹಣೆ ಮುಟ್ಟಿಕೊಂಡೆ. ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಪೂಜೆ ಮುಗಿಸಿ ಬಂದ ಯಾರೋ ಇಟ್ಟಿದ್ದು.

ಸೆಪ್ಟೆಂಬರ್ 20, ಶನಿವಾರ

ಪವಿತ್ರ ಚಿಕ್ಕಬಳ್ಳಾಪುರಕ್ಕೆ ಕರೆಸಿಕೊಂಡು, ಬಿಪಿ ನೋಡಿಸೋಣ ಎಂದು ಸುಳ್ಳು ಹೇಳಿ, ಕಿವಿ ಡಾಕ್ಟರ ಹತ್ತಿರ ಕೂರಿಸಿದಳು. ತಾಯಿ ಮಗಳು ಸೇರಿ ಮಾಡಿದ ಸಂಚು. ಗಾಜಿನ ಗೂಡಿನೊಳಗೆ ಕೂರಿಸಿ ಕಿವಿಗೆ ಏನೋ ಹಾಕಿ, ಸದ್ದು ಬಂದಾಗ ಕೈ ಎತ್ತಿ ಅಂದರು. ನಾನು ಆಗಾಗ ಅಂದಾಜಿನ ಮೇಲೆ ಎತ್ತುತ್ತಿದ್ದೆ. ಆ ಡಾಕ್ಟರಮ್ಮ ಗಾಜಿನಾಚೆ ನಗುತ್ತಿದ್ದಳು.

ಮಾತು ಗಟ್ಟಿಯಾಗಿ ಆಡಿದರೆ ಕೇಳಿಸುತ್ತದಂತೆ. ಚೂಪಾದ ಸದ್ದುಗಳು ಹೋಗಿವೆಯಂತೆ. ಬೆಲ್ಲು, ಕುಕ್ಕರಿನ ಸೀಟಿ, ಕಬ್ಬಿಣಕ್ಕೆ ಕಬ್ಬಿಣ ತಗಲಿದ್ದು. ಇದಕ್ಕೆ ಫ್ಯಾಕ್ಟರಿ ಕಿವಿ ಅನ್ನುತ್ತಾರಂತೆ.

“ಇದು ಹೊಸದಾಗಿ ಆಗಿರೋದಲ್ಲ. ಇಪ್ಪತ್ತು ವರ್ಷಕ್ಕೂ ಹಿಂದಿಂದ ಇರಬೇಕು. ನಿಮಗೆ ಗೊತ್ತಾಗಿರ್ಲಿಲ್ವಾ?” ಅಂದರು.

ಮಗಳು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಕಿವಿಯ ಚಿತ್ರ ನೋಡಿದೆ.

ಕಿವಿಗೆ ಹಾಕುವ ಮೆಷಿನ್ನು ಬರಲು ಒಂದು ತಿಂಗಳಾಗುತ್ತದಂತೆ.

ಸೆಪ್ಟೆಂಬರ್ 21, ಭಾನುವಾರ

ಗೊತ್ತಿತ್ತು.

2007ರಲ್ಲೇ ಗೊತ್ತಾಗಿತ್ತು. ಕೊಂಡಪ್ಪ ಕಂಬಕ್ಕೆ ಇಕ್ಕಳ ತಟ್ಟುವುದು ಸಂದಿಯಲ್ಲಿ ಒಮ್ಮೊಮ್ಮೆ ಮಸುಕಾಗಿ ಕಾಣುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಕಿವುಡ ಎಂದು ಗೊತ್ತಾದರೆ ರೋಲಿನಿಂದ ತೆಗೆದು ಲೋಡಿಂಗಿಗೆ ಹಾಕುತ್ತಿದ್ದರು. ಯಾರಿಗೂ ಹೇಳಲಿಲ್ಲ. ಸ್ವಲ್ಪ ದಿನಕ್ಕೆ ಕಾಲಿಗೇ ಗೊತ್ತಾಗಲು ಶುರುವಾಯಿತು. ದೇವರು ಒಂದು ಕಿತ್ತುಕೊಂಡು ಇನ್ನೊಂದು ಕೊಟ್ಟ ಅಂದುಕೊಂಡೆ.

ಆವತ್ತು ಕಾಲಿಗೆ ಏನೂ ಬರಲಿಲ್ಲ. ಕಾದೆ. ತುಂಡು ಕಪ್ಪಾಗುತ್ತಾ ಬಂತು. ಮೇಸ್ತ್ರಿ ಕೈ ಬೀಸುತ್ತಿದ್ದ. ತಳ್ಳಿಬಿಟ್ಟೆ.

ತಟ್ಟು ಕೇಳಿಸಿರಲಿಲ್ಲ. ಕೇಳಿಸಿತು ಅಂದೆ. ಅವನು ಮನೆಗೆ ಹೋದ, ನಾನು ಇನ್ನೂ ಎಂಟು ವರ್ಷ ಕೆಲಸ ಮಾಡಿ ಮೇಸ್ತ್ರಿಯಾದೆ.

ಪವಿತ್ರಳ ಮದುವೆಗೆ ಅವನು ಬರಲಿಲ್ಲವೆಂದು ಎಷ್ಟು ಜನರ ಹತ್ತಿರ ಹೇಳಿಕೊಂಡಿದ್ದೇನೆ! ಪತ್ರಿಕೆಯನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೆ. ಊರಿಗೆಲ್ಲ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದವನು ಅವನ ಮನೆಗೆ ಹೋಗಿರಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಬೆಳಿಗ್ಗೆ ಸ್ನಾನ ಮಾಡಿ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ ಇಟ್ಟುಕೊಂಡೆ. ಆಂಜಿನಮ್ಮ ಸೀರೆ ಬದಲಾಯಿಸಿ ಬಂದು ಪಕ್ಕದಲ್ಲಿ ನಿಂತಳು. “ಕರೆಯೋಕೆ ಒಬ್ರೇ ಹೋಗ್ತಾರಾ?” ಅಂದಳು.

ಈ ಸಲ ರಸ್ತೆ ದಾಟಿದೆ. ಚಿಕ್ಕವೆಂಕಟಮ್ಮ ಅಂಗಡಿಯಲ್ಲಿದ್ದಳು. ಮೊದಲು ಅವಳಿಗೆ ನಮ್ಮ ಗುರುತು ಸಿಗಲಿಲ್ಲ. ಸಿಕ್ಕ ಮೇಲೆ ಕೈಯಲ್ಲಿದ್ದ ಹೂವಿನ ಚೆಂಡು ಕೆಳಗಿಟ್ಟಳು.

“ಬಾ ಆಂಜಿನಕ್ಕ, ಒಳಕ್ಕೆ ಬಾ” ಅಂದಳು. ನನ್ನನ್ನು ಬಾ ಅನ್ನಲಿಲ್ಲ.

ಕೊಂಡಪ್ಪ ಸ್ಟೂಲಿನ ಮೇಲೆಯೇ ಇದ್ದ. ನಾನು ತಟ್ಟೆ ಚಾಚಿದೆ. ಫ್ಯಾಕ್ಟರಿಯಲ್ಲಿ ಕೊನೆಯ ಆಯುಧಪೂಜೆ, ನೀನು ಬರಬೇಕು ಅಂದೆ. ದಾರಿಯುದ್ದಕ್ಕೂ ಬೇರೆ ಮಾತು ಕಟ್ಟಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

ಅವನು ನನ್ನನ್ನು ತುಂಬ ಹೊತ್ತು ನೋಡಿದ. ಆಸ್ಪತ್ರೆಯ ಮಂಚದ ಮೇಲಿಂದ ನೋಡಿದ ಹಾಗೆಯೇ.

“ಏಮಿರಾ ರವಣಾ, ಹೋದ ವಾರ ಬಸ್‌ಸ್ಟಾಪಲ್ಲಿ ಒಂದ್ಗಂಟೆ ನಿಂತಿದ್ಯಲ್ಲ, ಬಸ್ಸು ಸಿಕ್ತಾ?”

ನನಗೆ ತಲೆ ಎತ್ತಲು ಆಗಲಿಲ್ಲ. ರವಣಾ ಎಂದು ನನ್ನನ್ನು ಕರೆಯುವವರು ಬೇರೆ ಯಾರೂ ಉಳಿದಿಲ್ಲ.

ಅವನು ಕುಂಕುಮ ತೆಗೆದುಕೊಂಡ. “ನೋಡಣ” ಅಂದ. ನಾವು ಹೊರಟ ಮೇಲೆ ಹಿಂದಿನಿಂದ ಗಟ್ಟಿಯಾಗಿ ಕೂಗಿದ. “ನನ್ನ ಇಕ್ಕಳ ತಗೊಂಬಾ.”

ನನ್ನ ಹತ್ತಿರ ಇದೆ ಅಂತ ಅವನಿಗೆ ಯಾರು ಹೇಳಿದರು?

ಅಕ್ಟೋಬರ್ 1, ಬುಧವಾರ



ಇಪ್ಪತ್ತು ಜನ ಹಳಬರು ಬಂದಿದ್ದರು. ತನುಜ ಲಂಟಾನ ಕಡಿಸಿ, ಶೆಡ್ಡು ಗುಡಿಸಿ, ರೋಲಿಗೆ ಬಾಳೆಕಂದು ಕಟ್ಟಿಸಿದ್ದಳು. ಬೂದುಗುಂಬಳ ಒಡೆದಾಯಿತು, ಕಡ್ಲೆಪುರಿ ಹಂಚಿದ್ದಾಯಿತು. ಅವನು ಬರಲಿಲ್ಲ. ನಾನು ತೊಳೆದು ಕುಂಕುಮ ಇಟ್ಟ ಇಕ್ಕಳ ತೊಡೆಯ ಮೇಲಿಟ್ಟುಕೊಂಡು ಗೇಟಿನ ಕಡೆ ನೋಡುತ್ತಾ ಕೂತಿದ್ದೆ. ಹನ್ನೆರಡೂವರೆಗೆ ಆಟೋ ಬಂತು. ಚಿಕ್ಕವೆಂಕಟಮ್ಮ ಇಳಿದಳು, ಆಮೇಲೆ ಊರುಗೋಲು, ಆಮೇಲೆ ಅವನು.

ಯಾರನ್ನೂ ಮಾತಾಡಿಸದೆ ಸೀದಾ ಬಂದು ಕೈ ಚಾಚಿದ. ಇಕ್ಕಳ ಕೊಟ್ಟೆ. ಎಡಗೈಯಲ್ಲಿ ತೂಗಿ ನೋಡಿದ.

“ಹೋಗು, ನಿನ್ನ ಕಡೆ ನಿಂತ್ಕೋ” ಅಂದ.

ನಾನು ಈಚೆ ನಿಂತೆ. ಅವನು ಕುಂಟುತ್ತಾ ರೋಲನ್ನು ಸುತ್ತಿ ಆಚೆ ಹೋದ. ಬಗ್ಗಿದೆ. ಸಂದಿಯಲ್ಲಿ ಹಣೆ ಕಂಡಿತು, ಕೆಂಪು ಟವೆಲ್ಲು ಕಟ್ಟಿಕೊಂಡಿದ್ದ. ಅವನು ಎರಡು ಹೆಜ್ಜೆ ಹಿಂದೆ ಸರಿದು ಇಕ್ಕಳವನ್ನು ಕಂಬಕ್ಕೆ ತಟ್ಟಿದ. ಒಂದು. ಎರಡು. ಶೆಡ್ಡಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಇಕ್ಕಳ ಕಂಬಕ್ಕೆ ತಗಲಿದ್ದು ಕಣ್ಣಾರೆ ಕಂಡೆ. ಸದ್ದು ಬರಲಿಲ್ಲ.

“ಕೇಳಿಸ್ತೇನೋ?” ಎಂದು ಕೂಗಿದ.

ವಿಚಾರಣೆಯ ಸಾಹೇಬರು ಕೇಳಿದ್ದೂ ಇದನ್ನೇ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅರ್ಧ ಜನ ಆ ವಿಚಾರಣೆಯ ದಿನವೂ ಇದೇ ಶೆಡ್ಡಿನಲ್ಲಿ ನಿಂತಿದ್ದವರು.

“ಇಲ್ಲ” ಅಂದೆ. ನನ್ನ ದನಿ ನನಗೇ ಸಾಲದೆ ಇನ್ನೊಂದು ಸಲ ಕೂಗಿದೆ. “ಇಲ್ಲ ಕಣೋ. ಕೇಳಿಸ್ಲಿಲ್ಲ. ಆವತ್ತೂ ಕೇಳಿಸಿರ್ಲಿಲ್ಲ. ಸುಳ್ಳು ಹೇಳ್ದೆ.”

ಅವನು ಇಕ್ಕಳವನ್ನು ಕೆಳಗಿಟ್ಟ. ಮುಂದೆ ಬಂದು, ರೋಲಿನ ಬಾಯಿಗೆ ಹತ್ತಿರವಾಗಿ ನಿಂತು, ಒಂದು ಕೈಯಲ್ಲಿ ರೋಲಿನ ಚೌಕಟ್ಟು ಹಿಡಿದು, ಎಡಗಾಲು ಎತ್ತಿ ನೆಲದ ಪ್ಲೇಟಿಗೆ ಎರಡು ಸಲ ಒದ್ದ.

ನನ್ನ ಅಂಗಾಲಿಗೆ ಬಂತು.

ಧಿಮ್, ಧಿಮ್. ಅದೇ. ಈಗ ತಳ್ಳು ಅನ್ನುತ್ತಿತ್ತಲ್ಲ, ಅದೇ.

“ಇದು?” ಅಂದ.

ಬಗ್ಗಿ ಪ್ಲೇಟಿನ ಮೇಲೆ ಅಂಗೈ ಇಟ್ಟೆ.

“ಅನುಭವ ಅಂತೆ, ಅನುಭವ! ಸಾಹುಕಾರ್ರ ಮನೆ ಈ ಮಗು ಫೋನಲ್ಲಿ ಎಲ್ಲ ಹೇಳ್ತು. ಅಂಗಾಲಿಗೇ ಗೊತ್ತಾಗ್ತಿತ್ತು ಅಂದ್ಯಂತೆ. ನಾನೊಬ್ಬ ಆಚೆ ಕತ್ತೆ ಥರ ಒದೀತಿದ್ನಲ್ಲೋ, ಎರಡು ವರ್ಷ!” ನಗುತ್ತಿದ್ದ. ಕಣ್ಣಲ್ಲಿ ನೀರಿತ್ತು. “ಇಕ್ಕಳ ತಟ್ಟಿದ್ರೆ ನೀನು ತಲೇನೇ ಎತ್ತಲ್ಲ. ಒಂದಿನ ಸಿಟ್ಟು ಬಂದು ಕಾಲಲ್ಲಿ ಒದ್ದೆ, ಎತ್ತಿದೆ. ಆವತ್ತೇ ಗೊತ್ತಾಯ್ತು ನಂಗೆ.”

“ಯಾಕೋ ಹೇಳ್ಲಿಲ್ಲ?”

“ಹೇಳಿದ್ರೆ ನಿನ್ನ ಲೋಡಿಂಗ್‌ಗೆ ಹಾಕಿ, ಆ ಕಡೆ ಇನ್ನೊಬ್ಬನ್ನ ನಿಲ್ಲಿಸ್ತಿದ್ರು. ನಂಗೆ ಇನ್ನೊಬ್ಬ ಬೇಕಿರ್ಲಿಲ್ಲ.”

ಆಗ ಹೊಳೆಯಿತು. ಇಕ್ಕಳ ತಟ್ಟುವವನು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ನನ್ನ ಕಾಲಿನ ಕೆಳಗಿನವರೆಗೂ ಹಾಸಿರುವ ಪ್ಲೇಟಿಗೆ ಒದೆಯಬೇಕಾದರೆ ರೋಲಿನ ಬಾಯಿಗೇ ಬರಬೇಕು. ಆವತ್ತು ನಾನು ತಳ್ಳಿದಾಗ ಅವನು ಒದೆಯಲು ಮುಂದೆ ಬರುತ್ತಿದ್ದ. ನನಗೋಸ್ಕರ ಎತ್ತಿದ ಕಾಲು ಅದು.

ನಾನು ಅಲ್ಲೇ ಕೂತುಬಿಟ್ಟೆ. ಅತ್ತೆ. ಇಪ್ಪತ್ತು ಜನರ ಎದುರಿಗೆ, ಆಂಜಿನಮ್ಮನ ಎದುರಿಗೆ, ಎಳೆ ಮಗುವಿನ ಹಾಗೆ ಅತ್ತೆ. ಅವನು ನಿಧಾನವಾಗಿ ರೋಲು ಸುತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತ.

“ಕಾಲು ಹೋಗಿದ್ದಕ್ಕಲ್ಲ ಕಣೋ. ಆಸ್ಪತ್ರೇಲಿ ಯಾರೂ ಇಲ್ದಿದ್ದಾಗ ಬಂದು ನಂಗೊಬ್ನಿಗೆ ಹೇಳಿದ್ರೆ ಸಾಕಿತ್ತು. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ಕಾಯ್ದೆ. ಹದಿನಾರು ವರ್ಷ ಬೇಕಾಯ್ತೇನೋ?”

ಚಿಕ್ಕವೆಂಕಟಮ್ಮ ಬುತ್ತಿ ಬಿಚ್ಚಿದಳು. ರಾಗಿ ರೊಟ್ಟಿ ತಂದಿದ್ದಳು. ಅವನು ರೊಟ್ಟಿ ಮುರಿದ.

ಅಕ್ಟೋಬರ್ 3, ಶುಕ್ರವಾರ

ಚರಿತ್ರೆ ಮುಗಿಯಿತು. ‘ಆಚೆಯವನು’ ಎಂದಿದ್ದ ಕಡೆಯಲ್ಲೆಲ್ಲ ಹೊಡೆದುಹಾಕಿ ಕೊಂಡಪ್ಪ ಎಂದು ಬರೆದೆ. 2009ರ ಪುಟದಲ್ಲಿ ಆದದ್ದನ್ನು ಆದ ಹಾಗೆ ಬರೆದೆ. ಹಿಂದಿನ ರಟ್ಟಿಗೆ ಹಾಕುತ್ತೇನೆಂದಿದ್ದ ಮಾತನ್ನು ತೆಗೆದುಹಾಕಮ್ಮ ಎಂದು ತನುಜಳಿಗೆ ಹೇಳಿದೆ.

ಈ ಹಾಳೆಗಳನ್ನು ಹರಿದುಕೊಂಡು ನೋಟ್‌ಬುಕ್ ಕೊಟ್ಟೆ. ಹಳಬರೆಲ್ಲ ನೆನಪಿಗೆ ಏನಾದರೂ ತೆಗೆದುಕೊಳ್ಳಿ ಅಂದಿದ್ದಳಲ್ಲ. ಒಬ್ಬ ಸೈರನ್ ತೆಗೆದುಕೊಂಡ, ಇನ್ನೊಬ್ಬ ಬೋರ್ಡು. ನಿಮಗೇನು ಬೇಕು ಅಂಕಲ್ ಅಂದಳು.

“ನೆಲದ ಒಂದು ಪ್ಲೇಟು.”

ಅವಳು ನಗಲಿಲ್ಲ. ಉದ್ದನೆಯದೇ ಕೊಡಿಸುತ್ತೇನೆ ಅಂದಳು.

ಅಕ್ಟೋಬರ್ 12, ಭಾನುವಾರ

ಇಕ್ಕಳ ಅವನ ಮನೆಗೆ ಹೋಯಿತು. ರೋಲು ಮೊನ್ನೆ ಕತ್ತರಿಸಿದರಂತೆ. ನಾನು ನೋಡಲು ಹೋಗಲಿಲ್ಲ.

ಪ್ಲೇಟನ್ನು ನಾಲ್ಕು ಜನ ಹೊತ್ತು ತಂದು ಹಾಕಿದರು. ಹೊರಗಿನ ಮೆಟ್ಟಿಲಿನಿಂದ ಹೊಸ್ತಿಲು ದಾಟಿ ನನ್ನ ಕುರ್ಚಿಯವರೆಗೆ ಬಂದಿದೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಮನೆಯೋ ಗುಜರಿ ಅಂಗಡಿಯೋ ಎಂದು ಆಂಜಿನಮ್ಮ ಎರಡು ದಿನದಿಂದ ಬೈಯುತ್ತಿದ್ದಾಳೆ. ಬೈಯುತ್ತಲೇ ಬೆಳಿಗ್ಗೆ ಅದರ ಮೇಲೆ ಪುಟ್ಟದೊಂದು ರಂಗೋಲಿ ಬಿಟ್ಟಿದ್ದಾಳೆ.

ಕೊಂಡಪ್ಪ ಇವತ್ತು ಬರುತ್ತೇನೆ ಅಂದಿದ್ದಾನೆ. ಹತ್ತೂವರೆಯ ಬಸ್ಸಿಗೋ ಹನ್ನೊಂದೂಕಾಲರ ಬಸ್ಸಿಗೋ ಗೊತ್ತಿಲ್ಲ. ಮೆಷಿನ್ನು ಬರಲು ಇನ್ನೂ ಒಂದು ವಾರ ಇದೆ. ಬೆಲ್ ಒತ್ತಬೇಡ, ನನಗೆ ಕೇಳಿಸುವುದಿಲ್ಲ ಎಂದು ಹೇಳಿದ್ದೇನೆ.

ಈಗ ಹತ್ತು ಗಂಟೆ. ಚಪ್ಪಲಿ ಬಿಟ್ಟು, ಎರಡೂ ಪಾದ ಪ್ಲೇಟಿನ ಮೇಲಿಟ್ಟುಕೊಂಡು ಕೂತಿದ್ದೇನೆ.